ಕೆಳಗೆ ಯಾರಿದ್ದೀರಾ?

ಗೌನಿಪಲ್ಲಿಯ ಸುತ್ತಿನ ಊರುಗಳಲ್ಲಿ ‘ಡ್ರಾಮಾ ಮೇಷ್ಟ್ರು’ ಎಂದರೆ ಹೆಸರು ಹೇಳುವ ಅಗತ್ಯವಿರಲಿಲ್ಲ, ಅದು ಚಿಕ್ಕವೆಂಕಟಪ್ಪನವರೇ. ಮಾವಿನ ತೋಟವಿತ್ತು, ಕೊಟ್ಟಿಗೆಯಲ್ಲಿ ಸೀಮೆಹಸುಗಳಿದ್ದವು. ಅವೆರಡನ್ನೂ ನೋಡಿಕೊಳ್ಳುತ್ತಿದ್ದವಳು ಹೆಂಡತಿ ಮುನಿಯಲ್ಲಮ್ಮ. ಮೇಷ್ಟ್ರು ನೋಡಿಕೊಳ್ಳುತ್ತಿದ್ದದ್ದು ಹಾರ್ಮೋನಿಯಮ್ಮನ್ನು ಮಾತ್ರ. ಯಾವ ಊರಲ್ಲಿ ಪೌರಾಣಿಕ ನಾಟಕ ಆಡಬೇಕೆಂದರೂ ಅವರನ್ನು ಕರೆಸುತ್ತಿದ್ದರು. ಕನ್ನಡದಲ್ಲಿ ಬೇಕೆಂದವರಿಗೆ ಕನ್ನಡದಲ್ಲಿ, ತೆಲುಗಿನಲ್ಲಿ ಬೇಕೆಂದವರಿಗೆ ತೆಲುಗಿನಲ್ಲಿ ಪದ್ಯ ಹೇಳಿಕೊಡುತ್ತಿದ್ದರು. ದನಿಯೇ ಇಲ್ಲದವನಿಂದಲೂ ರಾಜಪಾರ್ಟು ಮಾಡಿಸಿ ಜನರಿಂದ ಶಿಳ್ಳೆ ಹೊಡೆಸಿದ ಕೀರ್ತಿ ಅವರದು.

ಒಂದು ವರ್ಷ ಮಳೆಗಾಲದ ಕೊನೆಗೆ ಊರಿಗೆಲ್ಲ ಚಿಕೂನ್‌ಗುನ್ಯಾ ಬಂತು. ಮೇಷ್ಟ್ರಿಗೆ ಜ್ವರ ಬೇಗ ಇಳಿಯಿತು, ಆದರೆ ಬೆರಳ ಗೆಣ್ಣುಗಳು ಊದಿಕೊಂಡೇ ಉಳಿದವು. ಹಾರ್ಮೋನಿಯಮ್ಮಿನ ಕೀಗಳ ಮೇಲೆ ಬೆರಳಿಟ್ಟರೆ ಕಣ್ಣಲ್ಲಿ ನೀರು ಬರುವಷ್ಟು ನೋವು. ಜಗಲಿಯ ಮೇಲೆ ಕೂತು ಬೇಸರದಿಂದ ಎಲ್ಲರ ಮೇಲೂ ರೇಗತೊಡಗಿದರು. ಅದನ್ನು ತಾಳಲಾರದೆ ಮುನಿಯಲ್ಲಮ್ಮ ಅಟ್ಟಣಿಗೆಯ ಮೇಲಿದ್ದ ಒಂದು ಪುಸ್ತಕವನ್ನು ತಂದು ಮುಂದೆ ಹಾಕಿದಳು.

“ತಗೊಳ್ಳಿ, ಇದನ್ನಾದ್ರೂ ಓದ್ಕೊಂಡು ಸುಮ್ನೆ ಕೂತ್ಕೊಳ್ಳಿ. ಸ್ಕೂಲ್ ಡೇ ದಿನ ಆ ಸೈನ್ಸ್ ಮೇಡಂ ಕೊಟ್ಟಿದ್ದು. ತೆಗೆದು ನೋಡೇ ಇಲ್ಲ ನೀವು.”

ಪುಸ್ತಕದ ಹೆಸರು ‘ಕೊರೆದವರು.’ ಬರೆದವರು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ರಮಾದೇವಿ. ಮಾಲೂರಿನವರು, ತಂದೆ ಅಲ್ಲಿನ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. ಗೌನಿಪಲ್ಲಿಗೆ ವರ್ಗವಾಗಿ ಬಂದವರು ಇಲ್ಲೇ ಉಳಿದುಬಿಟ್ಟಿದ್ದರು. ಪುಸ್ತಕ ಬಂದಾಗ ಹುಡುಗರು “ಮೇಡಂ ಕ್ಲಾಸಲ್ಲೂ ಕೊರೀತಾರೆ, ಪುಸ್ತಕದಲ್ಲೂ ಕೊರೀತಾರೆ” ಎಂದು ನಗಾಡಿದ್ದು ಮೇಷ್ಟ್ರ ಕಿವಿಗೂ ಬಿದ್ದಿತ್ತು. ಅವರೂ ನಕ್ಕಿದ್ದರು. ಸನ್ಮಾನಕ್ಕೆ ಶಾಲು ಹೊದಿಸುವ ಬದಲು ಪುಸ್ತಕ ಕೊಟ್ಟರಲ್ಲ ಎಂದು ಒಳಗೊಳಗೇ ಬೇಸರವೂ ಆಗಿತ್ತು.

ಬೆಳಗಿನ ಕಾಫಿಗೆ ಓದಲು ಹಿಡಿದವರು ಮುದ್ದೆ ತಣ್ಣಗಾಗುವವರೆಗೂ ಏಳಲಿಲ್ಲ.

ಕಥೆ ನಡೆಯುವುದು ಮುಂದೆ, ಸಾವಿರಾರು ವರ್ಷಗಳಾಚೆ. ಆಗ ಈ ಸೀಮೆಯಲ್ಲಿ ಊರುಗಳಿಲ್ಲ. ಮಳೆ ಮರಳಿ ಬಂದು, ಬಯಲೆಲ್ಲ ಕಾಡಾಗಿದೆ. ಬೆಟ್ಟದಿಂದ ಬೆಟ್ಟಕ್ಕೆ ಅಲೆಯುತ್ತ ಬದುಕುವ ಒಂದು ಗುಂಪು ಇಲ್ಲಿಗೆ ಇಳಿದು ಬರುತ್ತದೆ. ಬಂದವರಿಗೆ ನೆಲದಲ್ಲಿ ಒಂದು ಕಿಂಡಿ ಕಾಣುತ್ತದೆ. ಗೇಣಗಲ, ನೆಟ್ಟಗೆ ಕೆಳಕ್ಕೆ ಹೋದದ್ದು. ಕಲ್ಲು ಹಾಕಿದರೆ ಸದ್ದು ಮರಳುವುದಿಲ್ಲ. ಸ್ವಲ್ಪ ದೂರದಲ್ಲಿ ಇನ್ನೊಂದು. ಹುಡುಕುತ್ತ ಹೋದಂತೆ ಬಯಲು ತುಂಬ ಅವೇ. ಇಲ್ಲಿ ಯಾರಿದ್ದರು, ಏನು ಮಾಡುತ್ತಿದ್ದರು? ಗುಂಪಿನ ಒಬ್ಬ ಪಂಡಿತ ಹೇಳುತ್ತಾನೆ: ಪಾತಾಳದ ದೇವರನ್ನು ಪೂಜಿಸುತ್ತಿದ್ದ ಜನ, ಮನೆಗೊಂದು ಗುಡಿ ಮಾಡಿಕೊಂಡಿದ್ದಾರೆ. ಇನ್ನೊಬ್ಬ ಹೇಳುತ್ತಾನೆ: ಭೂಮಿ ಹಾರಿಹೋಗದ ಹಾಗೆ ಗೂಟ ಹೊಡೆದಿದ್ದಾರೆ, ಗೂಟ ಕೊಳೆತು ಕುಳಿ ಉಳಿದಿದೆ. ಜಗಳವಾಗುತ್ತದೆ. ಗುಂಪಿನಲ್ಲಿ ಆಲಿ ಎಂಬವನೊಬ್ಬನಿದ್ದಾನೆ. ನೆಲಕ್ಕೆ ಕಿವಿಯಿಟ್ಟು ನೀರಿನ ಹರಿವು, ಗಾಳಿಯ ದಿಕ್ಕು ತಿಳಿಯುವುದು ಅವನ ಕೆಲಸ. ಅವನು ಒಂದೊಂದೇ ಕಿಂಡಿಗೆ ಕಿವಿಗೊಡುತ್ತ ಹೋಗುತ್ತಾನೆ. ಕೊನೆಗೆ ಅವನಿಗೆ ಹೊಳೆಯುತ್ತದೆ: ಇವರಿಗೆ ಬಾಯಾರಿತ್ತು.

ಅಲ್ಲಿಗೆ ಬಂದಾಗ ಮೇಷ್ಟ್ರು ಪುಸ್ತಕ ಮಡಿಸಿಟ್ಟು ಎದ್ದರು. ಕೊಟ್ಟಿಗೆಯ ಹಿಂದೆ ತಮ್ಮದೇ ಒಂದು ಫೇಲಾದ ಬೋರು ಇತ್ತು. ಬಾಯಿಗೆ ಚಪ್ಪಡಿ ಮುಚ್ಚಿದ್ದರು. ಅದರ ಮೇಲೆ ಮುನಿಯಲ್ಲಮ್ಮ ಹಾಲಿನ ಕ್ಯಾನು ತೊಳೆದು ಬೋರಲು ಹಾಕುತ್ತಿದ್ದಳು. ಅಷ್ಟು ವರ್ಷ ಅದರ ಪಕ್ಕದಲ್ಲೇ ಓಡಾಡಿದ್ದರೂ ಅವರು ಅದನ್ನು ನೋಡಿರಲೇ ಇಲ್ಲ. ಊದಿದ ಕೈಯಿಂದಲೇ ಚಪ್ಪಡಿ ಸರಿಸಿ, ಒಂದು ಕಲ್ಲು ಹಾಕಿ, ಬಗ್ಗಿ ಕಿವಿಗೊಟ್ಟರು. ಕಾದರು. ಏನೂ ಕೇಳಲಿಲ್ಲ.

“ಏನ್ ಬಿತ್ತು ಅದರೊಳಗೆ?” ಮುನಿಯಲ್ಲಮ್ಮ ಓಡಿ ಬಂದಳು.

“ಏನೂ ಬೀಳಲಿಲ್ಲ ಕಣೇ. ಆ ಹೆಣ್ಮಗಳು ಎಂಥಾದ್ದು ಬರೆದವ್ಳೇ ಅಂತೀನಿ! ನಮ್ಮ ಹಿತ್ತಲಲ್ಲೇ ನಿಂತ್ಕೊಂಡು ಸಾವಿರಾರು ವರ್ಷ ಆಚೆಗೆ ನೋಡವ್ಳೇ.”

ಪುಸ್ತಕ ಮುಗಿಸಿದಾಗ ಅವರಿಗೆ ಇನ್ನೊಂದು ಅಚ್ಚರಿ ಕಾದಿತ್ತು. ಆಲಿ ಆ ಹಳೆಯ ಜನರನ್ನು ಬೈಯುವುದಿಲ್ಲ. ‘ಇಷ್ಟು ಆಳಕ್ಕೆ ಹೋದವರು ಸೋಮಾರಿಗಳಲ್ಲ, ದಾರಿ ತಪ್ಪಿದವರು’ ಎನ್ನುತ್ತಾನೆ. ತಮ್ಮ ಗುಂಪು ಈ ಬಯಲಲ್ಲೇ ನೆಲೆ ನಿಲ್ಲಬೇಕೋ, ನಿಂತರೆ ತಾವೂ ಅಗೆಯಬೇಕೋ ಎಂದು ಅವನೇ ಹೇಳಬೇಕಾಗಿದೆ. ಕೊನೆಯ ಪುಟದಲ್ಲಿ ಅವನು ಕಿಂಡಿಯ ಮೇಲೆ ಬಾಗಿ ಕೇಳುತ್ತಾನೆ: ‘ಕೆಳಗೆ ಯಾರಿದ್ದೀರಿ? ನಮಗೆ ಏನು ಬಿಟ್ಟು ಹೋದಿರಿ?’ ಉತ್ತರ ಬರುವುದಿಲ್ಲ. ಪುಸ್ತಕ ಅಲ್ಲಿಗೆ ನಿಲ್ಲುತ್ತದೆ.

ಮಾರನೆಯ ಸಂಜೆ ಮೇಷ್ಟ್ರು ಶರಟು ಬದಲಿಸಿ, ಬಸ್ ಸ್ಟ್ಯಾಂಡಿನ ಹಿಂದಿದ್ದ ರಮಾದೇವಿಯವರ ಬಾಡಿಗೆ ಮನೆಗೆ ಹೋದರು.

“ಮೇಡಂ, ನಿಮ್ಮ ಪುಸ್ತಕ ಓದ್ದೆ. ನಾಟಕ ಮಾಡ್ತೀನಿ.”

ರಮಾದೇವಿ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದರು. ಕನ್ನಡಕ ತೆಗೆದು ಅವರನ್ನೇ ನೋಡಿದರು. “ಎಷ್ಟು ಓದಿದ್ರಿ ಮೇಷ್ಟ್ರೇ?”

“ಪೂರ್ತಿ. ಕೆಲವು ಕಡೆ ಮತ್ತೆ ಮತ್ತೆ.”

ಅವರು ಪೆನ್ನು ಕೆಳಗಿಟ್ಟರು. “ಪೂರ್ತಿ ಓದಿದೀನಿ ಅಂತ ಹೇಳಿದೋರು ನೀವೇ ಮೊದಲು” ಎಂದರು. ಆಮೇಲೆ ತಲೆಯಾಡಿಸಿದರು. “ಆದ್ರೆ ನಾಟಕ ಬೇಡ. ಯುದ್ಧ ಇಲ್ಲ, ಕಿರೀಟ ಇಲ್ಲ, ಗದೆ ಇಲ್ಲ. ಜನ ನಗ್ತಾರೆ. ಬರೆಯೋವಾಗ ಈ ಊರಿನ ಮೇಲೆ ನಂಗೆಷ್ಟು ಪ್ರೀತಿ ಇತ್ತು ಅಂತ ಯಾರಿಗೂ ಗೊತ್ತಿಲ್ಲ. ಅದನ್ನ ನಗೆಪಾಟಲು ಮಾಡೋದು ನಂಗಿಷ್ಟ ಇಲ್ಲ.”

“ನಗ್ಲಿ ಬಿಡಿ ಮೇಡಂ. ನಮ್ಮ ಜನ ಮೊದ್ಲು ನಗ್ತಾರೆ, ಆಮೇಲೆ ಕೇಳ್ತಾರೆ. ನಗದೇ ಇರೋರಿಗೆ ನಾನು ಇವತ್ತಿನವರೆಗೂ ಒಂದು ಪದ್ಯಾನೂ ಕೇಳಿಸಕ್ಕಾಗಿಲ್ಲ.”

ಆ ಮಾತಿಗೆ ರಮಾದೇವಿಯೇ ನಕ್ಕುಬಿಟ್ಟರು. ಒಳಗೆ ಹೋಗಿ ಕಾಫಿ ಮಾಡಿ ತಂದರು. ಲೋಟ ಕೊಡುತ್ತ, “ಒಂದು ಮಾತು ನಡೆಸಿಕೊಡ್ಬೇಕು. ಇದರಲ್ಲಿ ಖಳನಾಯಕ ಯಾರೂ ಇಲ್ಲ. ನಾಟಕದಲ್ಲೂ ಇರಬಾರದು” ಎಂದರು.

ಮೇಷ್ಟ್ರು ಹೂಂ ಎಂದು ಬಂದರು. ದಾರಿಯಲ್ಲಿ ಯೋಚಿಸಿದಾಗ ಅದೆಷ್ಟು ಕಷ್ಟದ ಮಾತೆಂದು ಗೊತ್ತಾಯಿತು. ಅವರ ಜೀವಮಾನದ ನಾಟಕಗಳೆಲ್ಲ ನಿಂತಿದ್ದದ್ದು ತೊಡೆ ತಟ್ಟುವವನ ಮೇಲೆ. ತೊಡೆ ತಟ್ಟುವವನೇ ಇಲ್ಲದ ಕಥೆಯಲ್ಲಿ ಜನರನ್ನು ಕೂರಿಸುವುದು ಹೇಗೆ? ಮನೆಯಲ್ಲಿ ಕೂತು ಆ ಇಬ್ಬರು ಪಂಡಿತರ ಜಗಳವನ್ನು ಮತ್ತೆ ಓದಿದರು. ಒಬ್ಬನ ಬಾಯಲ್ಲಿ ತೆಲುಗು, ಇನ್ನೊಬ್ಬನ ಬಾಯಲ್ಲಿ ಕನ್ನಡ ಇಟ್ಟರು. ಮಾತಿಗೆ ಮಾತು, ಪದ್ಯಕ್ಕೆ ಪದ್ಯ. ಬರೆಯುತ್ತ ತಾವೇ ಗಹಗಹಿಸಿ ನಕ್ಕರು. ಬೆರಳ ನೋವು ಯಾವಾಗ ಇಳಿಯಿತೋ ಅವರಿಗೆ ನೆನಪಿಲ್ಲ.

ಪಂಡಿತರ ಪಾರ್ಟುಗಳಿಗೆ ಹಳೆಯ ಶಿಷ್ಯರಾದ ಪೆದ್ದಪ್ಪ, ಗಂಗಾಧರ್ ಒಪ್ಪಿದರು. ತೊಡಕಾದದ್ದು ಆಲಿಯ ಪಾರ್ಟು. ಅದಕ್ಕೆ ಬೇಕಾದ ದನಿ ಇದ್ದವನು ಒಬ್ಬನೇ, ಸುರೇಶ್. ರಾಜಪಾರ್ಟಿನಲ್ಲಿ ಅವನನ್ನು ಮೀರಿಸುವವರು ತಾಲ್ಲೂಕಿನಲ್ಲೇ ಇರಲಿಲ್ಲ. ಆದರೆ ಅವನ ಕಸುಬು ಬೋರ್‌ವೆಲ್ ಏಜೆನ್ಸಿ. ಶ್ರೀನಿವಾಸಪುರದ ರಸ್ತೆಯಲ್ಲಿ ಅವನ ಶೆಡ್ಡು, ಮುಂದೆ ಸಾಲಾಗಿ ಒರಗಿಸಿದ ಕೇಸಿಂಗ್ ಪೈಪುಗಳು, ಕೊರೆಯುವ ಲಾರಿ.

ಕಥೆ ಕೇಳುತ್ತಿದ್ದಂತೆ ಅವನ ಮುಖ ಕೆಂಪಾಯಿತು.

“ಏನ್ ಮೇಷ್ಟ್ರೇ, ನನ್ನ ಹೊಟ್ಟೆ ಮೇಲೆ ಹೊಡೆಯೋ ನಾಟಕಾನ ನನ್ನ ಕೈಲೇ ಆಡಿಸ್ತೀರಾ? ಊರೋರೆಲ್ಲ ಮನೆ ಬಾಗ್ಲಿಗೆ ಬಂದು ಕೊರಿ ಕೊರಿ ಅಂತಾರೆ, ಕೊರೀತೀನಿ. ಕೊನೆಗೆ ಪಾಪ ಎಲ್ಲಾ ನನ್ನ ತಲೆಗೇನಾ?”

“ಲೇ ಸುರೇಶ, ಕೂತ್ಕೊ. ಇದರಲ್ಲಿ ಪಾಪ ಯಾರ ತಲೆಗೂ ಕಟ್ಟಿಲ್ಲ. ಒಂದು ಪುಟ ಓದ್ತೀನಿ, ಕೇಳು. ಕೇಳಿದ ಮೇಲೆ ಬೇಡ ಅಂದ್ರೆ ಎದ್ದು ಹೋಗ್ತೀನಿ.”

ಪೈಪಿನ ರಾಶಿಯ ಮೇಲೆ ಕೂತು ಮೇಷ್ಟ್ರು ಓದಿದರು. ಆಲಿ ಕಿಂಡಿಯ ಬಾಯಲ್ಲಿ ಕಲ್ಲಾಗಿ ಕೂತ ಪುಡಿಯ ಪದರಗಳನ್ನು ಸವರಿ, ಅಂದು ನಡೆದದ್ದನ್ನು ಊಹಿಸುವ ಭಾಗ ಅದು. ‘ಮೊದಲು ಕೆಂಪು ಮಣ್ಣು ಬಂದಿರಬೇಕು. ಆಮೇಲೆ ಬಿಳಿ ಮಣ್ಣು. ಆಮೇಲೆ ಬರೀ ಹೊಗೆಯಂಥ ಪುಡಿ. ಆ ಪುಡಿಯ ಮಳೆಯಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡಿರಲಾರರು. ಇನ್ನೂ ಸ್ವಲ್ಪ ಎಂದಿದ್ದಾರು. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ. ಅದೇ ಅವರ ಮಂತ್ರವಾಗಿದ್ದಿರಬೇಕು.’

ಸುರೇಶ್ ಲಾರಿಯ ಕಡೆ ನೋಡುತ್ತಿದ್ದ. ನೋಡುತ್ತಲೇ ಕೇಳಿದ: “ಇದನ್ನ ಬರೆದೋರು ಲಾರಿ ಹತ್ರ ನಿಂತಿದ್ರಾ?”

“ಗೊತ್ತಿಲ್ಲ.”

“ನಿಂತಿದ್ದೋರೇ ಇರ್ಬೇಕು. ಪುಡಿ ಬರೋವಾಗ ಯಾರೂ ಯಾರ ಮುಖಾನೂ ನೋಡಲ್ಲ ಮೇಷ್ಟ್ರೇ, ಅದು ನಿಜ. ನಾನು ದಿನಾ ಆ ಪುಡೀಲೇ ನಿಂತಿರ್ತೀನಿ. ಇಷ್ಟು ವರ್ಷ ಆಯ್ತು, ಅದನ್ನ ನನ್ನ ಹೆಂಡ್ತಿಗೂ ಹೇಳಕ್ಕಾಗಿಲ್ಲ.” ಅವನು ಕೈ ಚಾಚಿದ. “ಕೊಡಿ ಇಲ್ಲಿ ಪುಸ್ತಕ. ಓದಿ ಕೊಡ್ತೀನಿ.”

ಓದಿದವನು ನೇರ ಹೈಸ್ಕೂಲಿಗೇ ಹೋದನಂತೆ. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, “ಮೇಡಂ, ಆಲಿ ಪಾರ್ಟು ನಾನೇ ಮಾಡ್ತೀನಿ. ತಪ್ಪು ಮಾತಾಡಿದ್ರೆ ತಿದ್ದಿ” ಎಂದನಂತೆ. ಅಂದಿನಿಂದ ರಮಾದೇವಿ ಪ್ರಾಕ್ಟೀಸಿಗೆ ಬರತೊಡಗಿದರು.

ಅವರು ಬಂದದ್ದರಿಂದ ಬೇರೆ ಕೆಲಸಗಳೂ ಸಲೀಸಾದವು. ವೇಷಭೂಷಣದ ಮುನಿಯಲ್ಲಪ್ಪ ಮುಳಬಾಗಿಲಿನಿಂದ ಟ್ರಂಕು ತಂದು ಬಿಚ್ಚಿದಾಗ ಅದರಲ್ಲಿದ್ದದ್ದು ಕಿರೀಟ, ಭುಜಕೀರ್ತಿ, ಜರಿಯ ಪೀತಾಂಬರ. “ಮೇಷ್ಟ್ರೇ, ಹಿಂದಿನ ಕಾಲದೋರಿಗೆ ಎಷ್ಟು ಡ್ರೆಸ್ ಬೇಕಾದ್ರೂ ಕೊಡ್ತೀನಿ. ಮುಂದಿನ ಕಾಲದೋರಿಗೆ ನಮ್ಮತ್ರ ಸ್ಟಾಕ್ ಇಲ್ಲ” ಎಂದ. ಎಲ್ಲರೂ ತಲೆ ಕೆರೆದುಕೊಂಡರು. ರಮಾದೇವಿ ಹೇಳಿದರು: “ಅವರು ನಾವು ಬಿಸಾಕಿದ್ದನ್ನೇ ಹಾಕ್ಕೊಳ್ತಾರೆ. ನಮ್ಮ ಬಟ್ಟೆ ಕೊಳೆಯುತ್ತೆ. ಪ್ಲಾಸ್ಟಿಕ್ಕು ಕೊಳೆಯಲ್ಲ, ಅಗೆದ ಕಡೆಯೆಲ್ಲ ಸಿಗುತ್ತೆ.” ಟೊಮೆಟೊ ತೋಟದಲ್ಲಿ ಹರಿದು ಬಿದ್ದಿದ್ದ ಹಸಿರು ಪ್ಲಾಸ್ಟಿಕ್ ಬಲೆ ತಂದು ಮುನಿಯಲ್ಲಮ್ಮ ನಿಲುವಂಗಿ ಹೊಲಿದಳು. ಹಳೆಯ ಡ್ರಿಪ್ ಪೈಪು ಕತ್ತರಿಸಿ ಬಳೆ, ಸರ, ಕಡಗ ಮಾಡಿದಳು. ಪೆದ್ದಪ್ಪ ಅದನ್ನೆಲ್ಲ ತೊಟ್ಟು ಕನ್ನಡಿಯ ಮುಂದೆ ನಿಂತಾಗ ಮೊದಲು ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ಅವನನ್ನು ನೋಡುವುದೇ ಒಂದು ಥರ ಆಯಿತು. ಅವನು ನಿಜಕ್ಕೂ ಎಲ್ಲಿಂದಲೋ ಬಂದವನ ಹಾಗೆ ಕಾಣುತ್ತಿದ್ದ.

ಆಲಿಗೆ ಮೇಷ್ಟ್ರು ಮೋಹನ ರಾಗದಲ್ಲಿ ಒಂದು ಪದ್ಯ ಕಟ್ಟಿದರು:

ಮುಗಿಲ ಕಡೆ ಮುಖವೆತ್ತಿ ಬೇಡಿದವರೀ ಜನರು,
ಮಣ್ಣ ಕಡೆ ಬಾಯಿಟ್ಟು ಕೂಗಿದರು ಕೊನೆಗೆ;
ದಾಹವಿದ್ದವರಯ್ಯ, ದಡ್ಡರಲ್ಲವರೆಂದು
ಆಳವೇ ಹೇಳುತಿದೆ ಕಿವಿಯೊಳಗೆ ನನಗೆ.

ರಮಾದೇವಿ ಆ ಸಾಲುಗಳನ್ನು ಎರಡು ಸಲ ಹೇಳಿಸಿಕೊಂಡು ಕೇಳಿದರು. “ನಾನು ಇದಕ್ಕೆ ಒಂದು ಅಧ್ಯಾಯ ಬರೆದಿದೀನಿ ಮೇಷ್ಟ್ರೇ” ಎಂದರು.

“ನೀವು ಆ ಅಧ್ಯಾಯ ಬರೀದೆ ಇದ್ದಿದ್ರೆ ನನಗೆ ಈ ನಾಲ್ಕು ಸಾಲು ಎಲ್ಲಿಂದ ಬರ್ತಿತ್ತು ಮೇಡಂ?” ಎಂದರು ಮೇಷ್ಟ್ರು. ಅದು ಉಪಚಾರದ ಮಾತಾಗಿರಲಿಲ್ಲ. ಬೇರೆಯವರ ಕಥೆಗಳಿಗೆ ಜೀವಮಾನವೆಲ್ಲ ಶ್ರುತಿ ಹಿಡಿದವರು ಅವರು. ಆದರೆ ತಮ್ಮ ಊರಿನ ನೆಲವನ್ನೇ ಕಥೆ ಮಾಡಿದವರನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಪ್ರಾಕ್ಟೀಸಿನ ನಡುವೆ ಆಕೆ ಒಂದು ಮೂಲೆಯಲ್ಲಿ ಕೂತು, ಪೆದ್ದಪ್ಪ ಬಾಯಿಗೆ ಬಂದದ್ದು ಸೇರಿಸಿದರೂ ಕೋಪಿಸಿಕೊಳ್ಳದೆ, ಎಲ್ಲಾದರೂ ಆ ಹಳೆಯ ಜನರ ಬಗ್ಗೆ ಹಗುರವಾದ ಮಾತು ಬಂದರೆ ಮಾತ್ರ “ಅದು ಬೇಡ ಪೆದ್ದಪ್ಪ” ಎನ್ನುತ್ತಿದ್ದರು. ಅದನ್ನು ಮೇಷ್ಟ್ರು ಹಾರ್ಮೋನಿಯಮ್ಮಿನ ಹಿಂದಿನಿಂದ ಗಮನಿಸುತ್ತಿದ್ದರು. ಸಾವಿರಾರು ವರ್ಷದಾಚೆಯಿಂದ ನೋಡಿದಾಗಲೂ ನಮ್ಮ ಮಾನ ಕಾಯುವ ಮನಸ್ಸು ಎಂಥದ್ದಿರಬೇಕು ಎನಿಸುತ್ತಿತ್ತು.

ಮಾವು ಹೂ ಬಿಟ್ಟ ಕಾಲ. ಶ್ರೀನಿವಾಸಪುರದ ಮಾವಿನ ಮಂಡಿಗಳೆಲ್ಲ ಖಾಲಿ ಬಿದ್ದಿದ್ದವು. ಒಂದು ಮಂಡಿಯ ಅಂಗಳದಲ್ಲಿ ಸೀನರಿ ಕಟ್ಟಿದರು. ಇದ್ದ ಪರದೆಗಳಲ್ಲಿ ಹೆಚ್ಚಿನವು ಅರಮನೆ, ಉದ್ಯಾನವನದವು. ಕಾಡಿನ ಪರದೆ ಒಂದನ್ನು ಮಾತ್ರ ಇಳಿಬಿಟ್ಟರು. ನಡುವೆ ಸುರೇಶನ ಶೆಡ್ಡಿನಿಂದ ತಂದ ಒಂದು ಕೇಸಿಂಗ್ ಪೈಪನ್ನು ಮೊಣಕಾಲೆತ್ತರಕ್ಕೆ ನಿಲ್ಲಿಸಿದ್ದರು. ಹೆಂಗಸರು ಮಕ್ಕಳು ನೋಡಲೆಂದು ನಾಟಕವನ್ನು ಸಂಜೆಗೇ ಇಟ್ಟಿದ್ದರು. ಡೈರಿಗೆ ಹಾಲು ಹಾಕಿ ಜನ ಬಂದರು. ಗದೆಯಿಲ್ಲದ ನಾಟಕ ಎಂದರೇನೆಂದು ನೋಡಲು ಬಂದವರೇ ಹೆಚ್ಚು.

ಪಂಡಿತರ ಜಗಳಕ್ಕೆ ಜನ ಹೊಟ್ಟೆ ಹಿಡಿದು ನಕ್ಕರು. ಪೆದ್ದಪ್ಪ ತೆಲುಗಿನಲ್ಲಿ ‘ಇದಿ ದೇವುಡಿ ಗುಡಿ’ ಎಂದು ರಾಗ ಎಳೆದರೆ, ಗಂಗಾಧರ್ ಕನ್ನಡದಲ್ಲಿ ‘ಇದು ಭೂಮಿಗೆ ಹೊಡೆದ ಗೂಟ’ ಎಂದು ತಿರುಗಿ ಹಾಡುತ್ತಿದ್ದ. ಮುಂದೆ ಕೂತವನೊಬ್ಬ “ಲೇ, ಅದು ಬೋರು ಕಣ್ರೋ!” ಎಂದು ಕೂಗಿದಾಗ ಪೆದ್ದಪ್ಪ ಅವನ ಕಡೆ ತಿರುಗಿ, “ಬೋರು ಅಂದ್ರೆ ಯಾವ ದೇವ್ರು?” ಎಂದು ಕೇಳಿಬಿಟ್ಟ. ಅಂಗಳವೇ ಎದ್ದು ಕುಣಿಯಿತು.

ಆಮೇಲೆ ಸುರೇಶ್ ಬಂದ. ಯಾವಾಗಲೂ ಗುಡುಗುತ್ತ ಬರುವವನು ಅಂದು ಮೆಲ್ಲಗೆ ಬಂದ. ಪೈಪಿನ ಅಂಚನ್ನು ಕೈಯಿಂದ ಸವರಿದ. ಪುಡಿಯ ಮಾತುಗಳನ್ನು ಹೇಳಿದ. ‘ಇನ್ನೂ ಸ್ವಲ್ಪ’ ಎಂದಾಗ ಗಂಡಸರ ಸಾಲಿನಲ್ಲಿ ಕೆಮ್ಮುವುದೂ ನಿಂತಿತ್ತು. ಅಲ್ಲಿ ಕೂತವರಲ್ಲಿ ಆ ಪುಡಿಯನ್ನು ಕಾಣದವರು ಯಾರಿದ್ದರು? ಮೋಹನದ ಪದ್ಯ ಮುಗಿಸಿ, ಮಂಡಿಯೂರಿ, ಪೈಪಿನೊಳಗೆ ಬಾಗಿ ಕೇಳಿದ:

“ಕೆಳಗೆ ಯಾರಿದ್ದೀರಾ? ನಮಗೆ ಏನು ಬಿಟ್ಟು ಹೋದಿರಿ?”

ಇಲ್ಲಿ ಮೌನ ಎಂದು ರಮಾದೇವಿ ಕಟ್ಟುನಿಟ್ಟಾಗಿ ಹೇಳಿದ್ದರು. ಮೇಷ್ಟ್ರು ಹಾರ್ಮೋನಿಯಮ್ಮಿನಿಂದ ಕೈ ತೆಗೆದರು. ತಬಲಾದವನೂ ಕೈ ಕಟ್ಟಿ ಕೂತ. ಅಷ್ಟರಲ್ಲಿ ಹೆಂಗಸರ ನಡುವಿನಿಂದ ಒಂದು ದನಿ ಎದ್ದಿತು:

“ಉನ್ನಾಮು ನಾಯನಾ! ಇನ್ನೂ ಇದ್ದೀವಿ!”

ದೊಡ್ಡವೆಂಕಟಮ್ಮ. ಮಂಡಿಯಲ್ಲಿ ಮಾವು ವಿಂಗಡಿಸಿ ಕೂದಲು ನರೆತವಳು. ಎದ್ದು ನಿಂತಿದ್ದಳು. ಸುತ್ತಲಿನವರು ಒಂದು ಕ್ಷಣ ನಕ್ಕರು. ಆದರೆ ಆಕೆ ನಗುತ್ತಿರಲಿಲ್ಲ. ಎಲ್ಲೋ ದೂರದಿಂದ ಕರೆದ ಮಗುವಿಗೆ ಓಗೊಟ್ಟವಳ ಹಾಗೆ ಉತ್ತರಕ್ಕಾಗಿ ಕಾಯುತ್ತ ನಿಂತಿದ್ದಳು. ನಗು ತಾನಾಗಿ ಅಡಗಿತು.

ಸುರೇಶನಿಗೆ ಮುಂದೆ ಮಾತಿರಲಿಲ್ಲ. ಸೈಡ್ ವಿಂಗಿನಲ್ಲಿ ಪ್ರಾಂಪ್ಟ್ ಹೇಳುವವನ ಹಾಳೆಯೂ ಅಲ್ಲಿಗೆ ಮುಗಿದಿತ್ತು. ಅವನು ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ಕಣ್ಣಲ್ಲೇ ‘ಮಾತಾಡು’ ಎಂದರು.

“ಏನ್ ಮಾಡ್ತಿದ್ದೀರಮ್ಮ ಅಲ್ಲಿ?” ಎಂದ ಸುರೇಶ್, ಪೈಪಿನೊಳಗೇ.

“ನೀರು ಹುಡುಕ್ತಿದ್ದೀವಿ!” ಗಂಡಸರ ಕಡೆಯಿಂದ ಯಾರೋ.

“ಗಿಡ ಹಾಕಿದೀನಿ ನಿಮಗೆ, ಬಾದಾಮಿ ಮಾವು!” ಇನ್ನೊಬ್ಬ.

“ತೂತು ಬಿಟ್ಟು ಇನ್ನೇನೂ ಬಿಟ್ಟಿಲ್ಲಪ್ಪೋ!” ಹಿಂದಿನಿಂದ ಒಬ್ಬ ಕೂಗಿದ. ಜನ ನಗಲೂ ಆಗದೆ ಸುಮ್ಮನಿರಲೂ ಆಗದೆ ಒದ್ದಾಡಿದರು.

ದೊಡ್ಡವೆಂಕಟಮ್ಮ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು. “ಇರ್ರೋ. ಅದೇನೋ ಕೇಳ್ತು, ನಾವೂ ಕೇಳ್ಬೇಕಲ್ಲ. ಏ ನಾಯನಾ, ನಿಮಗೇನು ಬೇಕು ಹೇಳು. ಇನ್ನೂ ಇದ್ದೀವಲ್ಲ, ಹೇಳು.”

ಸುರೇಶ್ ಪೈಪಿನ ಮೇಲೆ ಬಾಗಿದವನು ಬಾಗಿಯೇ ಇದ್ದ.  ರಾಜಪಾರ್ಟಿನಲ್ಲಿ ಅದೆಷ್ಟೋ ಸಲ ಅಬ್ಬರಿಸಿ ಬಿದ್ದು ಸತ್ತವನ ಗಂಟಲಿನಿಂದ ಈಗ ಸಣ್ಣ ದನಿ ಬಂತು. ಅದು ಆಲಿಯ ಕನ್ನಡವಾಗಿರಲಿಲ್ಲ, ಅವನದೇ ಮಾತು.

“ಚೂರು ಬಿಡ್ರಮ್ಮ. ಎಲ್ಲಾ ತಗೋಬೇಡಿ. ಚೂರು ಬಿಡಿ ಸಾಕು.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ದೊಡ್ಡವೆಂಕಟಮ್ಮ “ಆಯ್ತಪ್ಪ” ಎಂದು ಕೂತಳು. ಪರದೆ ಎಳೆಯುವವನಿಗೂ ಎಳೆಯಬೇಕೆಂದು ತೋಚಲಿಲ್ಲ. ಮೇಷ್ಟ್ರೇ ಎದ್ದು ಹೋಗಿ ಹಗ್ಗ ಬಿಟ್ಟರು.

ಆಮೇಲೆ ಬಣ್ಣ ತೊಳೆಯುತ್ತಿದ್ದವರ ಗದ್ದಲದ ನಡುವೆ ರಮಾದೇವಿ ಬಂದರು. ಕಣ್ಣು ಕೆಂಪಾಗಿತ್ತು.

“ಮೇಷ್ಟ್ರೇ, ಕೊನೆ ಅಧ್ಯಾಯ ಮತ್ತೆ ಬರೀಬೇಕು. ಕೆಳಗಿನವರು ಸತ್ತೇ ಹೋಗಿದ್ದಾರೆ ಅಂದ್ಕೊಂಡು ಬರೆದುಬಿಟ್ಟೆ. ಅವರು ನನ್ನ ಮುಂದೇನೇ ಕೂತಿದ್ರು. ನಂಗೆ ಕಾಣಿಸ್ಲೇ ಇಲ್ಲ.”

ಮೇಷ್ಟ್ರು ಹಾರ್ಮೋನಿಯಮ್ಮಿಗೆ ಬಟ್ಟೆ ಹೊದಿಸುತ್ತಿದ್ದರು. ಅವರು ಅಪರೂಪಕ್ಕೆ ದನಿಯೇರಿಸಿದರು.

“ಒಂದಕ್ಷರ ಮುಟ್ಟಬೇಡಿ ಮೇಡಂ. ನಾನು ಇಷ್ಟು ವರ್ಷ ನಾಟಕ ಆಡಿಸಿದೀನಿ. ಪ್ರತಿ ಪ್ರಶ್ನೆಗೂ ಉತ್ತರ ನಾವೇ ಹೇಳಿ ಕಳಿಸ್ತಿದ್ವಿ. ಜನ ಕೇಳಿ, ಎದ್ದು ಹೋಗ್ತಿದ್ರು. ನೀವು ಉತ್ತರ ಬರೀದೆ ಜಾಗ ಬಿಟ್ರಿ. ಆ ಜಾಗ ಇತ್ತು ಅಂತಾನೇ ಆಯಮ್ಮ ಎದ್ದು ನಿಂತಿದ್ದು. ಅದನ್ನ ತುಂಬಿಸಿಬಿಟ್ರೆ ಇನ್ಯಾರು ಎದ್ದು ನಿಲ್ತಾರೆ?”

 ರಮಾದೇವಿಯವರ ಮುಖ ಸಡಿಲವಾಯಿತು. ಹತ್ತಿರದ ಡಬ್ಬದಿಂದ ನೀರು ಮೊಗೆದು ಮುಖ ತೊಳೆದುಕೊಂಡರು.

ನಾಟಕದಿಂದ ಊರು ಬದಲಾಯಿತು ಎಂದು ಹೇಳುವಂತಿಲ್ಲ. ಸುರೇಶನ ಲಾರಿ ಮರುವಾರವೇ ಹೊರಟಿತು. ಆದರೆ ನೀರು ಬಾರದ ಕಡೆ ಜನ “ಇನ್ನೂ ಸ್ವಲ್ಪ ಹೋಗೋಣ” ಎಂದಾಗ, ಹಿಂದೆ ಹೂಂ ಎನ್ನುತ್ತಿದ್ದವನು ಈಗ ಲಾರಿ ನಿಲ್ಲಿಸಿ, “ಸಾಕು ಬಿಡಿ ಅಣ್ಣ, ಮಳೆ ನೀರು ಇದರೊಳಕ್ಕೇ ಇಳಿಸೋಣ” ಎನ್ನತೊಡಗಿದ. ಕೆಲವರು ಒಪ್ಪಿದರು. ಕೆಲವರು ಬೇರೆ ಲಾರಿ ಕರೆಸಿದರು.

ಮುಳಬಾಗಿಲಿನವರು ನಾಟಕ ಬೇಕೆಂದು ಕರೆದರು. ಅಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದು ಉತ್ತರ ಕೊಟ್ಟರು. ಒಬ್ಬರಂತೂ ಮುಂದಿನ ಕಾಲದವರಿಗೆ ಬುದ್ಧಿವಾದ ಹೇಳಲು ಶುರುಮಾಡಿ, ಕೂರಿಸುವುದೇ ಕಷ್ಟವಾಯಿತು. ನಂತರ ಮಾಲೂರು ತಾಲ್ಲೂಕಿನ ಮಾಸ್ತಿ ಊರಿನವರು ಕರೆದರು. ಅಲ್ಲಿಗೆ ಮಾಲೂರಿನಿಂದ ರಮಾದೇವಿಯವರ ಮನೆಯವರೆಲ್ಲ ಬಂದಿದ್ದರು.

ಮಾಸ್ತಿಯಲ್ಲಿ ಸುರೇಶ್ ಬಾಗಿ ಕೇಳಿದಾಗ ಯಾರೂ ಮಾತಾಡಲಿಲ್ಲ. ಮೇಷ್ಟ್ರು ಕೈ ತೆಗೆದು ಕಾದರು. ಈಗ ಯಾರಾದರೂ ಏಳುತ್ತಾರೆ ಎಂದುಕೊಂಡರು. ಯಾರೂ ಏಳಲಿಲ್ಲ. ರಾಗಿ ಹೊಲಗಳ ಕಡೆಯಿಂದ ಗಾಳಿ ಬಂದು ಕಾಡಿನ ಪರದೆಯನ್ನು ಅಲ್ಲಾಡಿಸಿತು. ಮಕ್ಕಳು ಕೂಡ ಪೈಪನ್ನೇ ನೋಡುತ್ತಿದ್ದರು. ರಮಾದೇವಿ ಬರೆದದ್ದನ್ನು ಮೇಷ್ಟ್ರು ಆಕೆ ಬರೆದ ಹಾಗೆಯೇ ಕೇಳಿದ್ದು ಅಂದೇ. ಅಷ್ಟು ಜನರ ಉಸಿರು ಒಂದೇ ಪ್ರಶ್ನೆಯ ಮೇಲೆ ನಿಂತಿತ್ತು. ಪುಸ್ತಕದಲ್ಲಿ ಅದೊಂದು ಖಾಲಿ ಸಾಲು. ಇಷ್ಟು ದೊಡ್ಡದಿರಬಹುದೆಂದು ಅವರಿಗೆ ತಿಳಿದಿರಲಿಲ್ಲ. ಮೊದಲ ಸಾಲಿನಲ್ಲಿ ರಮಾದೇವಿ ತಂದೆಯ ಪಕ್ಕ ಕೈಕಟ್ಟಿ ಕೂತಿದ್ದರು. ಮುದುಕರು ಮಗಳ ಕಡೆ ಒಮ್ಮೆ ತಿರುಗಿ ನೋಡಿ, ಮತ್ತೆ ರಂಗದ ಕಡೆ ನೋಡಿದರು.

ಮಾಲೂರಿಗೆ ಹೋಗುವ ಬಸ್ಸು ಅಲ್ಲೇ ರಸ್ತೆ ಬದಿಯಲ್ಲಿ ನಿಂತಿತ್ತು. ಡ್ರೈವರ್, ಕಂಡಕ್ಟರ್ ಇಬ್ಬರೂ ಇಳಿದು ಬಂದು ನಾಟಕ ನೋಡುತ್ತಿದ್ದರು. ಪರದೆ ಬಿದ್ದ ಮೇಲೆಯೇ ಅವರಿಗೆ ಬಸ್ಸಿನ ನೆನಪಾದದ್ದು. ತಂಡದವರೂ ಸಾಮಾನು ಸಮೇತ ಅದನ್ನೇ ಹತ್ತಿದರು. ಮೇಷ್ಟ್ರು ಕಿಟಕಿಯ ಪಕ್ಕ ಕೂತು ಹಾರ್ಮೋನಿಯಮ್ಮನ್ನು ತೊಡೆಯ ಮೇಲಿಟ್ಟುಕೊಂಡರು. ಹಿಂದಿನ ಸೀಟಿನಲ್ಲಿ ತರಕಾರಿ ಮೂಟೆಯ ಮೇಲೆ ಕಾಲಿಟ್ಟುಕೊಂಡಿದ್ದ ಗಂಡ ಹೆಂಡತಿಗೆ ಜಗಳ ಹತ್ತಿತ್ತು.

“ಆಲಿ ಅಲ್ಲೇ ನಿಲ್ಬೇಕಿತ್ತು. ಮಳೆ ಇದೆ, ಮಣ್ಣು ಇದೆ, ಇನ್ನೇನ್ ಬೇಕಂತೆ ಅವನಿಗೆ?”

“ನಿಂತ್ಕೊಂಡ್ರೆ ನಿಮ್ಮ ಹಂಗೇ ಕೊರಿಯಕ್ಕೆ ಶುರು ಮಾಡ್ತಾನೆ. ಹೊರಟು ಹೋಗೋದೇ ವಾಸಿ.”

“ಲೇ, ಎಲ್ಲಾರೂ ಹೋಗ್ಬಿಟ್ರೆ ಈ ನೆಲಾನ ಯಾರೇ ನೋಡ್ಕೊಳ್ಳೋದು?”

ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿ, ಗಂಡನ ಪಕ್ಷ ಹಿಡಿದು ಮಾತಿಗೆ ಸೇರಿಕೊಂಡ. ಮುಂದಿನ ಸೀಟಿನಲ್ಲಿ ರಮಾದೇವಿ ತಂದೆಯ ಜೊತೆ ಕೂತಿದ್ದರು. ತಿರುಗಿ ನೋಡಲಿಲ್ಲ, ಆದರೆ ಕಿವಿ ಹಿಂದಕ್ಕೇ ಇತ್ತು. ಮೇಷ್ಟ್ರು ಕಿಟಕಿಗೆ ಒರಗಿ, ಆ ಜಗಳ ಮಾಲೂರಿನವರೆಗೂ ಮುಗಿಯದಿರಲಿ ಎಂದುಕೊಂಡು, ಕಣ್ಣು ಮುಚ್ಚಿ ಕೇಳುತ್ತ ಕೂತರು.